ಹಳೆಯ ಯುದ್ಧವಿಮಾನಕ್ಕೆ ಹೊಸ ಬಿಡಿಭಾಗ: ಅಳತೆ ಸಿಕ್ಕರೂ ಹದ ಸಿಗಬೇಕಲ್ಲ

ಅಮೆರಿಕದ ವಾಯುಪಡೆಗೆ ಕೊನೆಯ ಬಿ-52 ಬಾಂಬರ್ ಬಂದದ್ದು 1962ರ ಅಕ್ಟೋಬರಿನಲ್ಲಿ. ಆ ವಿಮಾನಗಳಿಗೆ ಈಗ ರೋಲ್ಸ್ ರಾಯ್ಸ್ ಎಂಜಿನ್ ಕೂರಿಸಿ 2050ರ ದಶಕದವರೆಗೂ ಹಾರಿಸುವ ಯೋಜನೆ ನಡೆದಿದೆ. ಹಾರುತ್ತಲೇ ಬೇರೆ ವಿಮಾನಗಳಿಗೆ ಇಂಧನ ತುಂಬುವ ಕೆಸಿ-135 ಟ್ಯಾಂಕರ್ ಮೊದಲು ಹಾರಿದ್ದು 1956ರಲ್ಲಿ. ಅದರ ತಯಾರಿಕೆ ನಿಂತು ಅರವತ್ತು ವರ್ಷವಾಯಿತು, ವಿಮಾನ ಮಾತ್ರ ಇನ್ನೂ ದುಡಿಯುತ್ತಿದೆ. ಭಾರತದ ವಾಯುಪಡೆ 1963ರಲ್ಲಿ ಸೇರಿಸಿಕೊಂಡ ಮಿಗ್-21ಕ್ಕೆ ವಿದಾಯ ಹೇಳಿದ್ದು 2025ರ ಸೆಪ್ಟೆಂಬರಿನಲ್ಲಿ. 1979ರಲ್ಲಿ ಬಂದ ಜಾಗ್ವಾರ್ ಇನ್ನೂ ಹಾರುತ್ತಿದೆ, ಮತ್ತು ಜಗತ್ತಿನಲ್ಲಿ ಈಗ ಅದನ್ನು ಹಾರಿಸುತ್ತಿರುವುದು ಭಾರತ ಮಾತ್ರ. ಫ್ರಾನ್ಸ್ ಸೇವೆಯಿಂದ ತೆಗೆದ ಜಾಗ್ವಾರ್‌ಗಳನ್ನು ಬಿಡಿಭಾಗಕ್ಕೆಂದೇ ತರಿಸಿಕೊಂಡದ್ದೂ ಉಂಟು. ಇರಾನಿನದು ಇನ್ನೂ ಬಿಗಿಯಾದ ಸ್ಥಿತಿ. 1979ರ ಕ್ರಾಂತಿಗೆ ಮುನ್ನ ಅಲ್ಲಿಗೆ 79 ಎಫ್-14 ತಲುಪಿದ್ದವು, ಆಮೇಲೆ ಅಮೆರಿಕದಿಂದ ಬಿಡಿಭಾಗ ಬರುವುದು ನಿಂತಿತು. 2006ರಲ್ಲಿ ತನ್ನ ಎಫ್-14ಗಳನ್ನು ನಿವೃತ್ತಗೊಳಿಸಿದ ಅಮೆರಿಕ, ಅವುಗಳ ಭಾಗಗಳು ಸುತ್ತಿ ಬಳಸಿ ಇರಾನಿಗೆ ಸೇರಬಾರದೆಂದು ವಿಮಾನಗಳನ್ನೇ ಚೂರು ಮಾಡಿಸಿತು.

ಇಷ್ಟು ದೀರ್ಘ ಕಾಲದಲ್ಲಿ ವಿಮಾನಕ್ಕಿಂತ ಮೊದಲು ಮುಪ್ಪಾಗುವುದು ಅದರ ಬೆನ್ನಿಗಿದ್ದ ಕಾರ್ಖಾನೆಗಳ ಜಾಲ. ಕಾದ ಲೋಹವನ್ನು ಅಚ್ಚಿನಲ್ಲಿ ಬಡಿದು ಬ್ರಾಕೆಟ್ ಮಾಡಿಕೊಡುತ್ತಿದ್ದ ಸಣ್ಣ ಫೋರ್ಜಿಂಗ್ ಘಟಕ ಬಾಗಿಲು ಹಾಕಿರುತ್ತದೆ, ಅದರ ಅಚ್ಚು ಗುಜರಿಗೆ ಹೋಗಿರುತ್ತದೆ. ನಕ್ಷೆ ಇದ್ದರೂ ಅದು ಮೂಲ ಕಂಪನಿಯ ಸ್ವತ್ತು. ನಕ್ಷೆ ಕೈಗೆ ಸಿಕ್ಕರೂ ಅದರ ಮೂಲೆಯಲ್ಲಿ ಬರೆದ ಸ್ಪೆಸಿಫಿಕೇಶನ್ ಸಂಖ್ಯೆ ಈಗ ಚಾಲ್ತಿಯಲ್ಲಿರುವುದಿಲ್ಲ. 1994ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಸಾಧ್ಯವಿದ್ದ ಕಡೆಯೆಲ್ಲ ವಾಣಿಜ್ಯ ಮಾನದಂಡಗಳಿಗೆ ಹೊರಳಲು ತೀರ್ಮಾನಿಸಿದ ಮೇಲೆ ಹಳೆಯ ಮಿಲ್-ಸ್ಪೆಕ್‌ಗಳು, ಎಂದರೆ ಸೇನೆಯ ಸ್ವಂತ ಮಾನದಂಡಗಳು, ರಾಶಿರಾಶಿಯಾಗಿ ರದ್ದಾದವು. ಇಂಥ ಭಾಗ ಹನ್ನೆರಡು ಬೇಕು ಎಂದು ಟೆಂಡರ್ ಕರೆದರೆ ಯಾರೂ ತಿರುಗಿ ನೋಡುವುದಿಲ್ಲ. ಸ್ಟೋರ್ಸ್ ಕೈಯೆತ್ತಿದ ಮೇಲೆ ಉಳಿಯುವ ದಾರಿ ಎರಡು: ನಿಂತಿರುವ ಇನ್ನೊಂದು ವಿಮಾನದಿಂದ ಕಿತ್ತು ಹಾಕುವುದು, ಇಲ್ಲವೇ ಇರುವ ಭಾಗವನ್ನೇ ಮುಂದಿಟ್ಟುಕೊಂಡು ಹೊಸದು ಮಾಡುವುದು. ಈ ಎರಡನೆಯದಕ್ಕೇ ರಿವರ್ಸ್ ಎಂಜಿನಿಯರಿಂಗ್ ಎಂದು ಹೆಸರು. ಅಮೆರಿಕದ ಸೇನೆ ಇದಕ್ಕಾಗಿ ಮಿಲ್-ಹ್ಯಾಂಡ್‌ಬುಕ್-115 ಎಂಬ ಕೈಪಿಡಿಯನ್ನೇ ತಂದಿದೆ.

ಸ್ಕ್ಯಾನ್ ಮಾಡಿದರು, ಪ್ರಿಂಟ್ ತೆಗೆದರು, ವಿಮಾನ ಹಾರಿತು ಎಂಬಂಥ ಸುದ್ದಿ ಓದಿದವರಿಗೆ ಇದು ಜೆರಾಕ್ಸ್ ತೆಗೆದಷ್ಟೇ ಸಲೀಸು ಅನಿಸೀತು. ಆಕಾರ ಹಿಡಿಯುವುದು ನಿಜಕ್ಕೂ ಸಲೀಸೇ, ಹತ್ತು ವರ್ಷದಿಂದೀಚೆಗೆ ಇನ್ನಷ್ಟು ಸಲೀಸಾಗಿದೆ. ಕಷ್ಟವಿರುವುದು ಆಕಾರದಲ್ಲಿ ಕಾಣದ ಸಂಗತಿಗಳಲ್ಲಿ. ಆ ಲೋಹವನ್ನು ಕಾಯಿಸಿ ತಣಿಸಿ ಯಾವ ಹದಕ್ಕೆ ತಂದಿದ್ದರು, ಅದರ ನಾರು ಯಾವ ದಿಕ್ಕಿಗೆ ಓಡುತ್ತಿತ್ತು, ಯಾವ ಅಳತೆಯಲ್ಲಿ ಎಷ್ಟು ಸಡಿಲ ಬಿಟ್ಟಿದ್ದರು, ಯಾಕೆ ಬಿಟ್ಟಿದ್ದರು. ಅರವತ್ತು ವರ್ಷದ ಹಿಂದೆ ಒಬ್ಬ ವಿನ್ಯಾಸಕಾರ ಮಾಡಿದ ತೀರ್ಮಾನಗಳನ್ನು ಅವನ ಕೈಗೆಲಸ ನೋಡಿ ಊಹಿಸಬೇಕು. ಆ ಊಹೆ ಸರಿಯೆಂದು ಆಮೇಲೆ ಸಾಬೀತು ಮಾಡಬೇಕು.

ಒಂದು ಬೆಲ್‌ಕ್ರ್ಯಾಂಕಿನ ಕತೆ

ಅಂಗೈಯಷ್ಟು ದೊಡ್ಡ ಒಂದು ಬೆಲ್‌ಕ್ರ್ಯಾಂಕನ್ನು ತೆಗೆದುಕೊಳ್ಳೋಣ. ಪೈಲಟ್ ನಿಯಂತ್ರಣದ ಕಡ್ಡಿ ಎಳೆದಾಗ ಹೊರಟ ಚಲನೆಯನ್ನು ಮೂಲೆಯಲ್ಲಿ ತಿರುಗಿಸಿ ಮುಂದಿನ ಪುಶ್‌ರಾಡಿಗೆ ದಾಟಿಸುವ, ಎರಡು ತೋಳಿನ ಸನ್ನೆ ಅದು. ಅಲ್ಯೂಮಿನಿಯಂ ಫೋರ್ಜಿಂಗ್. ನಡುವೆ ಬೇರಿಂಗ್, ಎರಡು ತೋಳುಗಳ ತುದಿಯ ರಂಧ್ರಗಳಲ್ಲಿ ಉಕ್ಕಿನ ಬುಶ್, ಎಂದರೆ ಒಳಗೋಡೆಗೆ ಕೂರುವ ಗಿಡ್ಡ ಕೊಳವೆ.

ಮೊದಲ ಪ್ರಶ್ನೆ ಮಾದರಿ ಎಷ್ಟು ಬೇಕು ಎನ್ನುವುದು. ಒಂದೇ ತುಂಡು ಕೊಟ್ಟು ಇದರಂತೆ ಮಾಡಿಕೊಡಿ ಎನ್ನುವವರಿದ್ದಾರೆ. ಆ ತುಂಡು ಟಾಲರೆನ್ಸಿನ, ಎಂದರೆ ಅಳತೆಯಲ್ಲಿ ಒಪ್ಪಿದ ಹೆಚ್ಚುಕಡಿಮೆಯ, ಯಾವ ತುದಿಯಲ್ಲಿತ್ತೆಂದು ಅದರಿಂದಲೇ ತಿಳಿಯುವ ದಾರಿಯಿಲ್ಲ. ಸ್ಟೋರ್ಸಿನಲ್ಲಿ ಬಳಸದೆ ಉಳಿದ ಎರಡು, ವಿಮಾನದಿಂದ ಇಳಿಸಿದ ಮೂರು, ಒಟ್ಟು ಐದು ಸಿಕ್ಕರೆ ಕೆಲಸ ಶುರು ಮಾಡಬಹುದು. ಬಳಸದವು ಅಳತೆ ಹೇಳುತ್ತವೆ. ಬಳಸಿದವು ಎಲ್ಲಿ ಸವೆಯುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ಹೇಳುತ್ತವೆ. ಸವೆದ ತುಂಡನ್ನು ಕಸವೆಂದು ಪಕ್ಕಕ್ಕಿಡುವುದು ದೊಡ್ಡ ತಪ್ಪು.

ಬಿಚ್ಚುವ ಮೊದಲೇ ಮಾಡಿಕೊಳ್ಳಬೇಕಾದ ಕೆಲಸಗಳಿವೆ. ಎಲ್ಲ ಬದಿಯಿಂದ ಫೋಟೊ, ತೂಕ, ಮೈಮೇಲಿನ ಪ್ರತಿ ಗುರುತಿನ ದಾಖಲೆ. ಉಬ್ಬಿದ ಅಕ್ಷರದಲ್ಲಿರುವುದು ಫೋರ್ಜಿಂಗಿನ ಸಂಖ್ಯೆ, ಶಾಯಿಯಲ್ಲಿ ಒತ್ತಿರುವುದು ಮುಗಿಸಿದ ಭಾಗದ ಸಂಖ್ಯೆ. ಇವೆರಡೂ ಒಂದೇ ಎಂದುಕೊಂಡರೆ ಎಡಗಡೆಯ ಭಾಗದ ನಕ್ಷೆ ಬಲಗಡೆಯದಕ್ಕೆ ಅಂಟಿಕೊಳ್ಳುತ್ತದೆ. ಬುಶ್ ಕೂತಿರುವಾಗ ಒಮ್ಮೆ, ಹೊರಕ್ಕೆ ಒತ್ತಿದ ಮೇಲೆ ಇನ್ನೊಮ್ಮೆ ಅಳೆಯಬೇಕು, ಏಕೆಂದರೆ ಬಿಗಿಯಾಗಿ ಕೂತ ಬುಶ್ ಹೊರಬಂದ ಕೂಡಲೇ ರಂಧ್ರ ಕೆಲವು ಮೈಕ್ರಾನ್ ಕುಗ್ಗುತ್ತದೆ. ಬುಶ್ಶಿನ ಅಂಚಿನ ಕೆಳಗೆ ಗಾಳಿ ನೀರು ಮುಟ್ಟದ ಒಂದು ಉಂಗುರದಷ್ಟು ಜಾಗ ಉಳಿದಿರುತ್ತದೆ. ಕಾರ್ಖಾನೆಯಿಂದ ಬಂದ ದಿನದ ಮೇಲ್ಮೈ ಅಲ್ಲಿ ಹಾಗೇ ಇರುತ್ತದೆ, ಹಳದಿ ಹಸಿರು ಪ್ರೈಮರ್ ಸಹಿತ. ಆನೋಡೈಸ್ ಮಾಡಿ, ಎಂದರೆ ವಿದ್ಯುತ್ ಹರಿಸಿ, ಮೇಲ್ಮೈಯಲ್ಲಿ ಆಕ್ಸೈಡ್ ಪದರ ಬೆಳೆಸಿದ್ದರೇ, ಪ್ರೈಮರ್ ಹಸಿಯಿರುವಾಗಲೇ ಬುಶ್ ಕೂರಿಸಿದ್ದರೇ ಎಂಬುದಕ್ಕೆ ಅದೇ ಸಾಕ್ಷಿ.

ಬಣ್ಣ ತೆಗೆಯದೆ ಸ್ಕ್ಯಾನ್ ಮಾಡುವುದು ಮತ್ತೆ ಮತ್ತೆ ಕಾಣುವ ತಪ್ಪು. ಪ್ರೈಮರ್ ಇಪ್ಪತ್ತು ಮೈಕ್ರಾನ್, ಮೇಲಿನ ಬಣ್ಣ ಐವತ್ತು, ಎರಡು ಸಲ ಬಳಿದಿದ್ದರೆ ಇನ್ನೂ ಹೆಚ್ಚು. ಎರಡು ಬದಿ ಸೇರಿದರೆ ಗೋಡೆಯ ದಪ್ಪದಲ್ಲಿ 0.15 ಮಿ.ಮೀ. ಸುಳ್ಳು ಸೇರಿಕೊಂಡಿರುತ್ತದೆ. ಬಣ್ಣವನ್ನು ರಾಸಾಯನಿಕದಲ್ಲಿ ತೆಗೆಯಬೇಕೇ ಹೊರತು ಮರಳು ಊದಿ ಅಲ್ಲ. ಮರಳು ಬಡಿದರೆ ಮೇಲ್ಮೈಯಲ್ಲಿದ್ದ ಪೀನಿಂಗ್ (ಬಲಕ್ಕಾಗಿ ಸಣ್ಣ ಗುಂಡುಗಳಿಂದ ಬಡಿದ) ಗುರುತೂ ಅಳಿಸಿಹೋಗುತ್ತದೆ. ಹೊಳೆಯುವ ಲೋಹ ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಹೊಡೆಯುವುದರಿಂದ ಸ್ಕ್ಯಾನರಿಗೆ ಬಿಳಿ ಪುಡಿಯ ತೆಳು ಹೊದಿಕೆ ಬೇಕು. ತಾನಾಗಿಯೇ ಆವಿಯಾಗಿ ಹೋಗುವ ಸ್ಪ್ರೇ ಸಿಗುತ್ತದೆ, ಅದನ್ನು ಬಳಸಿದರೆ ಆಮೇಲೆ ಒರೆಸುವ ತಾಪತ್ರಯವಿಲ್ಲ.

ಒಳ್ಳೆಯ ಸ್ಕ್ಯಾನರ್ ಕೂಡ 0.02ರಿಂದ 0.05 ಮಿ.ಮೀ. ಅಂತರದೊಳಗೆ ಸರಿ. ತೋಳಿನ ವಕ್ರತೆಗೆ ಅಷ್ಟು ಸಾಕು. ಬೇರಿಂಗ್ ಕೂರುವ ರಂಧ್ರಕ್ಕೆ ಸಾಲದು, ಅಲ್ಲಿ ಇಡೀ ಟಾಲರೆನ್ಸೇ ಅರ್ಧ ಥೌ (ಥೌ ಎಂದರೆ ಅಂಗುಲದ ಸಾವಿರದ ಒಂದು), ಎಂದರೆ 0.013 ಮಿ.ಮೀ. ಇರಬಹುದು. ಅಂಥ ಕಡೆ ತಾಗಿಸಿ ಅಳೆಯುವ ಸಿಎಂಎಂ ಯಂತ್ರದ ಮೊನೆ ಅಥವಾ ಗಾಳಿ ಊದಿ ಅಳೆಯುವ ಏರ್ ಗೇಜ್ ಬೇಕು, ಕೋಣೆ 20 ಡಿಗ್ರಿಯಲ್ಲಿರಬೇಕು. 30 ಡಿಗ್ರಿ ಸೆಕೆಯಲ್ಲಿ 100 ಮಿ.ಮೀ. ಅಲ್ಯೂಮಿನಿಯಂ 0.023 ಮಿ.ಮೀ. ಉದ್ದವಾಗುತ್ತದೆ.

ಈಗ ಅಂಕಿಗಳನ್ನು ಓದುವ ಕೆಲಸ. ಎರಡು ರಂಧ್ರಗಳ ಕೇಂದ್ರದ ನಡುವಿನ ದೂರ ಐದು ತುಂಡುಗಳಲ್ಲಿ 101.57, 101.58, 101.60, 101.61, 101.63 ಮಿ.ಮೀ. ಬಂತೆನ್ನಿ. ಮೆಟ್ರಿಕ್ ಕಣ್ಣಿಗೆ ಇದು ತಲೆಬುಡವಿಲ್ಲದ ಸಂಖ್ಯೆ, ಅಂಗುಲದ ಕಣ್ಣಿಗೆ ನೇರ 4 ಅಂಗುಲ, ಎಂದರೆ 101.6. ಮೂಲೆಯ ತಿರುವಿನ ತ್ರಿಜ್ಯ 3.2 ಬಂದರೆ ಅದು ಅಂಗುಲದ ಎಂಟನೇ ಒಂದು. ವಿನ್ಯಾಸಕಾರ ಯಾವ ಅಳತೆಪಟ್ಟಿಯಲ್ಲಿ ಯೋಚಿಸಿದನೋ ಅದರಲ್ಲೇ ನಾವೂ ಯೋಚಿಸಬೇಕು. ಇದರ ಹಳೆಯ ಪಾಠ ಸೋವಿಯತ್ ಒಕ್ಕೂಟದ್ದು. 1944ರಲ್ಲಿ ತನ್ನ ನೆಲದಲ್ಲಿ ಇಳಿದ ಅಮೆರಿಕದ ಬಿ-29ಗಳನ್ನು ಬಿಚ್ಚಿ ನೋಡಿ ಅದು ಟಿಯು-4 ಕಟ್ಟಿತು, 1947ರಲ್ಲಿ ಅದು ಹಾರಿತು. ಅಂಗುಲದ ಹದಿನಾರನೇ ಒಂದು, ಎಂದರೆ 1.5875 ಮಿ.ಮೀ. ದಪ್ಪದ ತಗಡು ಮೆಟ್ರಿಕ್ ರೋಲಿಂಗ್ ಮಿಲ್‌ಗಳಲ್ಲಿ ಸಿಗಲಿಲ್ಲ. ತೆಳು ಹಾಕಿದರೆ ಬಲ ಸಾಲದು, ದಪ್ಪ ಹಾಕಿದರೆ ತೂಕ ಏರುತ್ತದೆ. ಕಡೆಗೆ ಒಂದೊಂದು ಜಾಗದ ಬಲವನ್ನೂ ಹೊಸದಾಗಿ ಲೆಕ್ಕ ಹಾಕಿ ದಪ್ಪ ಗೊತ್ತು ಮಾಡಬೇಕಾಯಿತು. ತದ್ರೂಪು ಮಾಡಿ ಎಂಬ ಆಜ್ಞೆಯಿಂದ ಹೊರಟ ಕೆಲಸ ಅರ್ಧದಷ್ಟು ಹೊಸ ವಿನ್ಯಾಸವೇ ಆಯಿತು.

ನಡುವಿನ ಅಳತೆ ಹೀಗೆ ಸಿಗುತ್ತದೆ, ಟಾಲರೆನ್ಸ್ ಸಿಗುವುದಿಲ್ಲ. ನಮ್ಮ ಐದು ತುಂಡುಗಳ ನಡುವಿನ ಅಂತರ 0.06 ಮಿ.ಮೀ. ಮೂಲ ನಕ್ಷೆಯಲ್ಲಿ ಪ್ಲಸ್ ಆರ್ ಮೈನಸ್ 0.25 ಎಂದಿದ್ದು, ಐದೂ ಒಂದೇ ಜಿಗ್‌ನಲ್ಲಿ (ತುಂಡು ಹಿಡಿದು ಕೊರೆಯುವ ಚೌಕಟ್ಟಿನಲ್ಲಿ) ಒಂದೇ ವಾರ ತಯಾರಾದದ್ದರಿಂದ ಒತ್ತೊತ್ತಾಗಿ ಬಂದಿರಬಹುದು. ಕಂಡಷ್ಟನ್ನೇ ಟಾಲರೆನ್ಸ್ ಎಂದು ಬರೆದರೆ ಭಾಗ ಅಪಾಯವಿಲ್ಲದ್ದು, ಆದರೆ ಅನಗತ್ಯವಾಗಿ ದುಬಾರಿ, ಅರ್ಧದಷ್ಟು ತುಂಡು ರಿಜೆಕ್ಟ್. ಧೈರ್ಯ ಮಾಡಿ ಸಡಿಲಿಸಿದರೆ ಪುಶ್‌ರಾಡ್ ಎಲ್ಲೋ ಒಂದು ಕಡೆ ಚೌಕಟ್ಟಿಗೆ ತಾಗೀತು. ಸರಿಯಾದ ದಾರಿ ಎಂದರೆ ಜೊತೆಗೆ ಸೇರುವ ಭಾಗಗಳನ್ನೂ ಅಳೆದು, ಎಲ್ಲ ಸಡಿಲಗಳ ಮೊತ್ತ ಕಟ್ಟಿ, ಎಲ್ಲಿ ಬಿಗಿ ಬೇಕೋ ಅಲ್ಲಿ ಮಾತ್ರ ಬಿಗಿ ಇಡುವುದು. ಇದಕ್ಕೆ ವಾರಗಟ್ಟಲೆ ಸಮಯ ಹಿಡಿಯುತ್ತದೆ, ಸ್ಕ್ಯಾನಿಗೆ ಹಿಡಿದದ್ದು ಒಂದು ಮಧ್ಯಾಹ್ನ.

ಹದ, ನಾರು, ಮತ್ತು ನಿಂತಲ್ಲೇ ಬಿಡುವ ಬಿರುಕು

ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್ನನ್ನು ತುಂಡಿಗೆ ಒತ್ತಿದರೆ ಕೆಲವು ಸೆಕೆಂಡಿನಲ್ಲಿ ಉತ್ತರ ಬರುತ್ತದೆ: ಸತು ಶೇ 5.8, ತಾಮ್ರ ಶೇ 1.9. ಇದು 7075 ಮಿಶ್ರಲೋಹವೂ ಆಗಬಹುದು, 7050ಕ್ಕೂ ತೀರ ಹತ್ತಿರ. ಎರಡರ ಸತುವಿನ ಮಿತಿಗಳು ಒಂದರ ಮೇಲೊಂದು ಹಾಯುತ್ತವೆ, ತಾಮ್ರದ ಮಿತಿಗಳು ಶೇ 2ರಲ್ಲಿ ಒಂದಕ್ಕೊಂದು ತಾಗುತ್ತವೆ. ಬಿಡಿಸುವುದು ಚಿಲ್ಲರೆ ಧಾತುಗಳು. ಶೇ 0.2ರಷ್ಟು ಕ್ರೋಮಿಯಂ ಕಂಡರೆ 7075, ಅದರ ಬದಲು ಶೇ 0.1ರಷ್ಟು ಜಿರ್ಕೋನಿಯಂ ಕಂಡರೆ 7050. ಉಕ್ಕಿನಲ್ಲಿ ಈ ಗನ್ ನಂಬಿ ಕೂತರೆ ಮೋಸ ಹೋಗುತ್ತೇವೆ. ಅದಕ್ಕೆ ಇಂಗಾಲ ಕಾಣುವುದೇ ಇಲ್ಲ, ಉಕ್ಕಿನ ಜಾತಿ ನಿಂತಿರುವುದೇ ಇಂಗಾಲದ ಮೇಲೆ. ಅಲ್ಲಿ ಕಿಡಿ ಹಾರಿಸಿ ನೋಡುವ ಸ್ಪೆಕ್ಟ್ರೋಮೀಟರ್ ಬೇಕು, ಇಲ್ಲವೇ ಚೂರು ತೆಗೆದು ಉರಿಸಿ ನೋಡಬೇಕು.

ಜಾತಿ ಗೊತ್ತಾದರೂ ಹದ ಗೊತ್ತಾಗಲಿಲ್ಲ. 7075 ಎಂಬ ಒಂದೇ ಲೋಹ ಟಿ6 ಹದದಲ್ಲಿ ಒಂದು ಸ್ವಭಾವದ್ದು, ಟಿ73 ಹದದಲ್ಲಿ ಇನ್ನೊಂದು ಸ್ವಭಾವದ್ದು. ಗಡಸುತನ ಪರೀಕ್ಷೆಯೊಂದೇ ಸಾಲದು, ಏಕೆಂದರೆ ಹದ ಕೆಟ್ಟ ಟಿ6 ಕೂಡ ಒಳ್ಳೆಯ ಟಿ73ರಷ್ಟೇ ಗಡಸು ತೋರಿಸಬಲ್ಲದು. ಜೊತೆಗೆ ವಿದ್ಯುತ್ ವಾಹಕತೆ ಅಳೆಯಬೇಕು. ತಾಮ್ರವನ್ನು ಶೇ 100 ಎಂದಿಟ್ಟುಕೊಂಡ ಐಎಸಿಎಸ್ ಮಾಪನದಲ್ಲಿ ಟಿ6 ಇದ್ದರೆ ಸುಮಾರು ಶೇ 30ರಿಂದ 36ರೊಳಗೆ, ಟಿ73 ಇದ್ದರೆ ಶೇ 38ಕ್ಕಿಂತ ಮೇಲೆ. ಎಡ್ಡಿ ಕರೆಂಟ್ ಮೀಟರಿನ ಮೊನೆ ಇಟ್ಟರೆ ಅಂಕಿ ಬರುತ್ತದೆ, ತುಂಡು ಹಾಳಾಗುವುದಿಲ್ಲ. ಎರಡು ಅಂಕಿಗಳನ್ನೂ ಜೋಡಿಸಿ ಓದಿದರೆ ಮಾತ್ರ ಹದ ತಿಳಿಯುತ್ತದೆ.

ಆಮೇಲೆ ಒಂದು ತುಂಡನ್ನು ಬಲಿ ಕೊಡಲೇಬೇಕು. ಉದ್ದಕ್ಕೆ ಸೀಳಿ, ಉಜ್ಜಿ, ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಮರದ ನಾರಿನಂಥ ಗೆರೆಗಳು ಏಳುತ್ತವೆ. ಫೋರ್ಜ್ ಮಾಡಿದ ಬೆಲ್‌ಕ್ರ್ಯಾಂಕಿನಲ್ಲಿ ಆ ಗೆರೆಗಳು ತೋಳಿನ ಉದ್ದಕ್ಕೂ ಹರಿದು, ಮೂಲೆಯಲ್ಲಿ ಬಾಗಿ, ರಂಧ್ರದ ಸುತ್ತ ಬಳಸಿಕೊಂಡು ಹೋಗುತ್ತವೆ. ಅದೇ ಆಕಾರವನ್ನು ದಪ್ಪ ಹಲಗೆಯಿಂದ ಮಿಲ್ಲಿಂಗ್ ಮಾಡಿ ತೆಗೆದರೆ ಗೆರೆಗಳು ಒಂದೇ ದಿಕ್ಕಿಗೆ ಓಡಿ ಅಂಚಿನಲ್ಲಿ ಕತ್ತರಿಸಿ ನಿಲ್ಲುತ್ತವೆ. ಹೊರಗಿನಿಂದ ಎರಡೂ ಒಂದೇ. ಸಿಎಂಎಂ ವರದಿಯಲ್ಲೂ ಒಂದೇ.

ಎಡವಟ್ಟಾಗುವುದು ಇಲ್ಲಿ. ಹತ್ತು ತುಂಡಿಗಾಗಿ ಫೋರ್ಜಿಂಗ್ ಅಚ್ಚು ಮಾಡಿಸುವುದು ಯಾರಿಗೂ ಗಿಟ್ಟುವುದಿಲ್ಲ, ಹಾಗಾಗಿ ಎಲ್ಲರೂ ಹಲಗೆಯ ಕಡೆಗೇ ವಾಲುತ್ತಾರೆ. 7075-ಟಿ6 ಹಲಗೆಗೆ ದಪ್ಪದ ದಿಕ್ಕು ಬಲಹೀನ. ಆ ದಿಕ್ಕಿನಲ್ಲಿ ಸುಮಾರು 50 ಮೆಗಾಪ್ಯಾಸ್ಕಲ್ ಎಳೆತ ಸದಾ ಇದ್ದು, ತೇವಾಂಶವೂ ಸೇರಿದರೆ ಸಾಕು, ಸ್ಟ್ರೆಸ್ ಕೊರೋಶನ್ ಬಿರುಕು ಹೊರಡುತ್ತದೆ. ಲೋಹದ ಯೀಲ್ಡ್ ಬಲ, ಎಂದರೆ ಅದು ಮರಳಿ ಬಾರದಂತೆ ಹಿಗ್ಗತೊಡಗುವ ಎಳೆತ, 500ರ ಆಸುಪಾಸು, ಬಿರುಕಿಗೆ ಅದರ ಹತ್ತನೇ ಒಂದು ಪಾಲು ಎಳೆತ ಸಾಕಾಗುತ್ತದೆ. ಆ ಎಳೆತ ಹಾರಾಟದಿಂದಲೇ ಬರಬೇಕೆಂದಿಲ್ಲ. ದ್ರವ ಸಾರಜನಕದಲ್ಲಿ ಕುಗ್ಗಿಸಿ ರಂಧ್ರದೊಳಗೆ ಬಿಗಿಯಾಗಿ ಕೂರಿಸಿದ ಬುಶ್ ತನ್ನ ಸುತ್ತಲಿನ ಲೋಹವನ್ನು ಹಗಲೂ ರಾತ್ರಿ ಹಿಗ್ಗಿಸುತ್ತಿರುತ್ತದೆ. ವಿಮಾನ ಹ್ಯಾಂಗರಿನಲ್ಲಿ ನಿಂತಲ್ಲೇ ಬೆಲ್‌ಕ್ರ್ಯಾಂಕಿನ ಕಿವಿ, ಎಂದರೆ ರಂಧ್ರದ ಸುತ್ತಲಿನ ಭಾಗ, ಸೀಳುತ್ತದೆ. ಅಂಥದನ್ನು ಲೋಡ್ ಪರೀಕ್ಷೆ ಹಿಡಿಯುವುದಿಲ್ಲ, ಏಕೆಂದರೆ ಪರೀಕ್ಷೆ ಮುಗಿಯುವುದು ಒಂದು ದಿನದಲ್ಲಿ, ಬಿರುಕು ಹೊರಡುವುದು ತಿಂಗಳುಗಳ ಮೇಲೆ.

ಟಿ73 ಹದ ಹುಟ್ಟಿದ್ದೇ ಈ ರೋಗಕ್ಕೆ ಮದ್ದಾಗಿ. ಅದರಲ್ಲಿ ಈ ಬಿರುಕಿನ ಮಿತಿ 300 ಮೆಗಾಪ್ಯಾಸ್ಕಲಿನ ಹತ್ತಿರಕ್ಕೆ ಏರುತ್ತದೆ, ಬದಲಿಗೆ ಬಲದಲ್ಲಿ ಶೇ 10ರಿಂದ 15ರಷ್ಟು ಬಿಟ್ಟುಕೊಡಬೇಕು. ಮೂಲ ಭಾಗ ಟಿ6 ಆಗಿದ್ದರೆ ಏನು ಮಾಡುವುದು? ತದ್ರೂಪು ಮಾಡಿದರೆ ಮೂಲದ ರೋಗವನ್ನೂ ನಕಲು ಮಾಡಿದಂತೆ. ಟಿ73ಕ್ಕೆ ಹೋದರೆ ಬಲದ ಲೆಕ್ಕ ಹೊಸದಾಗಿ ತೋರಿಸಬೇಕು, ಅದು ವಿನ್ಯಾಸ ಬದಲಾವಣೆ ಎನಿಸಿ ಮಂಜೂರಾತಿಯ ಹಾದಿ ಉದ್ದವಾಗುತ್ತದೆ. ಎರಡನೆಯದೇ ಸರಿ ಎನ್ನುವುದು ಈ ಲೇಖನದ ನಿಲುವು. ಕೆಸಿ-135ರ ರೆಕ್ಕೆಯ ಕೆಳಹೊದಿಕೆ ಮೊದಲು 7178-ಟಿ6 ಆಗಿತ್ತು, ಬಲ ಹೆಚ್ಚು, ಬಿರುಕು ತಡೆಯುವ ಗುಣ ಕಡಿಮೆ. ಆಮೇಲೆ ಅದನ್ನು ತೆಗೆದು 2024 ಮಿಶ್ರಲೋಹದ ಹೊದಿಕೆ ಹಾಕಿದರು. ಮೂಲವೇ ಪ್ರಮಾಣ ಎಂದು ಹಟ ಹಿಡಿದಿದ್ದರೆ ಆ ವಿಮಾನಗಳು ಇಷ್ಟು ಕಾಲ ಬಾಳುತ್ತಿರಲಿಲ್ಲ.

ಫೋರ್ಜಿಂಗ್ ಮಾಡಿಸಿದರೂ ನಿಶ್ಚಿಂತೆಯಿಲ್ಲ. 1969ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಎಫ್-111 ನೂರು ಗಂಟೆಗಿಂತ ಸ್ವಲ್ಪ ಹೆಚ್ಚು ಹಾರಿದ್ದಷ್ಟೇ, ರೆಕ್ಕೆ ಕಳಚಿ ಬಿತ್ತು. ರೆಕ್ಕೆ ತಿರುಗುವ ಕೀಲಿನ ಉಕ್ಕಿನ ಫೋರ್ಜಿಂಗಿನಲ್ಲಿ ತಯಾರಿಕೆಯ ಹಂತದಲ್ಲೇ ಹುಟ್ಟಿದ್ದ ದೋಷ ತಪಾಸಣೆಯ ಕಣ್ಣು ತಪ್ಪಿಸಿತ್ತು. ಪ್ರತಿ ಭಾಗದಲ್ಲೂ ಕಾಣದ ಬಿರುಕೊಂದು ಮೊದಲೇ ಇದೆ ಎಂದುಕೊಂಡೇ ಲೆಕ್ಕ ಹಾಕುವ ಪದ್ಧತಿ ಅಮೆರಿಕದ ವಾಯುಪಡೆಯಲ್ಲಿ ಬೇರೂರಿದ್ದು ಆಮೇಲೆ.

ಬೋಲ್ಟ್ ಎಂದು ತಾತ್ಸಾರ ಬೇಡ

ನಕಲು ಮಾಡಲು ಎಲ್ಲಕ್ಕಿಂತ ಸುಲಭ ಎಂದು ಕಾಣುವುದು ಬೋಲ್ಟ್. 1989ರ ಸೆಪ್ಟೆಂಬರಿನಲ್ಲಿ ಓಸ್ಲೋದಿಂದ ಹ್ಯಾಂಬರ್ಗಿಗೆ ಹೊರಟಿದ್ದ ಪಾರ್ಟ್‌ನೇರ್ ಸಂಸ್ಥೆಯ ಕಾನ್ವೇರ್ 580 ವಿಮಾನ ಸಮುದ್ರಕ್ಕೆ ಬಿದ್ದು 55 ಮಂದಿ ಸತ್ತರು. ಬಾಲದ ರೆಕ್ಕೆಯನ್ನು ಹಿಡಿದಿದ್ದ ಬೋಲ್ಟುಗಳಲ್ಲಿ ಬಲ ಸಾಲದ ನಕಲಿಗಳಿದ್ದವು ಎಂದು ತನಿಖೆ ಹೇಳಿತು. ಅದು ನಾಗರಿಕ ವಿಮಾನ, ಮಾಡಿದ್ದು ಮೋಸ. ಪ್ರಾಮಾಣಿಕವಾಗಿ ಮಾಡಿದ ನಕಲಿನಲ್ಲೂ ಅದೇ ದೋಷ ನುಸುಳಬಹುದು.

ಒಂದು ಉದಾಹರಣೆ ಬೋಲ್ಟಿನ ತಿರುಪು ಎಳೆಯಲ್ಲಿ (ಥ್ರೆಡ್) ಇದೆ. ವಿಮಾನದ ಬಿಗಿ ಬೋಲ್ಟುಗಳ ಎಳೆ ಸಾಮಾನ್ಯ ಯುಎನ್‌ಎಫ್ ಅಲ್ಲ, ಯುಎನ್‌ಜೆ. ಪಿಚ್ (ಎಳೆಯಿಂದ ಎಳೆಗೆ ಇರುವ ದೂರ) ಒಂದೇ, ಹೊರವ್ಯಾಸ ಒಂದೇ, ಸಾಮಾನ್ಯ ಥ್ರೆಡ್ ಗೇಜ್ ಎರಡನ್ನೂ ಒಪ್ಪಿಕೊಂಡೀತು. ವ್ಯತ್ಯಾಸ ಎಳೆಯ ಬುಡದಲ್ಲಿ. ಯುಎನ್‌ಜೆಯಲ್ಲಿ ಬುಡದ ತ್ರಿಜ್ಯ ಪಿಚ್ಚಿನ 0.150ರಿಂದ 0.180 ಪಾಲು ಇರಲೇಬೇಕು. ಆ ದುಂಡುತನ ಇಲ್ಲದಿದ್ದರೆ ಒತ್ತಡ ಬುಡದಲ್ಲಿ ಗುಂಪುಗೂಡಿ ಬೋಲ್ಟ್ ಅಲ್ಲಿಂದಲೇ ತುಂಡಾಗುತ್ತದೆ. ಸ್ಕ್ಯಾನರಿನ ಬೆಳಕು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಸಿಲಿಕೋನ್ ಹಿಟ್ಟಿನಲ್ಲಿ ಅಚ್ಚು ತೆಗೆದು ಪ್ರೊಫೈಲ್ ಪ್ರೊಜೆಕ್ಟರಿನಲ್ಲಿ ದೊಡ್ಡದು ಮಾಡಿ ನೋಡಬೇಕು.

ಇನ್ನೊಂದು ಲೇಪನದಲ್ಲಿದೆ. ಬಲವಾದ ಉಕ್ಕಿಗೆ ಕ್ಯಾಡ್ಮಿಯಂ ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಲೋಹದೊಳಕ್ಕೆ ಇಳಿಯುತ್ತದೆ. ಪ್ಲೇಟಿಂಗ್ ಮುಗಿದ ನಾಲ್ಕು ಗಂಟೆಯೊಳಗೆ ಒಲೆಗಿಟ್ಟು 190 ಡಿಗ್ರಿಯಲ್ಲಿ 23 ಗಂಟೆ ಬೇಯಿಸಿ ಅದನ್ನು ಓಡಿಸಬೇಕು. ಶನಿವಾರ ಸಂಜೆ ಪ್ಲೇಟಿಂಗ್ ಮುಗಿಸಿ ಸೋಮವಾರ ಒಲೆಗಿಟ್ಟ ಬೋಲ್ಟ್ ನೋಡಲು ಚೊಕ್ಕವಾಗಿಯೇ ಇರುತ್ತದೆ, ಗಡಸುತನವೂ ಸರಿ. ಬಿಗಿದ ಮೇಲೆ ಕೆಲವು ಗಂಟೆಗೋ ಕೆಲವು ದಿನಕ್ಕೋ, ಯಾರೂ ಮುಟ್ಟದಿರುವಾಗ, ತಲೆ ಹಾರಿಹೋಗುತ್ತದೆ. ಹಾಗಾಗಿ ಪ್ರತಿ ಬ್ಯಾಚಿನ ಜೊತೆ ಸೀಳು ಹಾಕಿದ ಪರೀಕ್ಷಾ ಕಡ್ಡಿಗಳನ್ನೂ ಪ್ಲೇಟ್ ಮಾಡಿ, ಮುರಿಯುವ ಬಲದ ಶೇ 75ರಷ್ಟು ಹೊರೆಯಲ್ಲಿ 200 ಗಂಟೆ ತೂಗುಹಾಕುತ್ತಾರೆ. ಕ್ಯಾಡ್ಮಿಯಂ ವಿಷಕಾರಿ ಎಂದು ಅನೇಕ ಕಡೆ ನಿರ್ಬಂಧ ಬಂದಿರುವುದರಿಂದ ಸತು-ನಿಕ್ಕಲ್ ಅಥವಾ ಅಲ್ಯೂಮಿನಿಯಂ ಲೇಪನಕ್ಕೆ ಹೋಗುವವರಿದ್ದಾರೆ. ಆಗ ಎಳೆಯ ಜಾರುಗುಣ ಬದಲಾಗುತ್ತದೆ, ಎಷ್ಟು ಬಲದಿಂದ ಬಿಗಿಯಬೇಕೆಂಬ ಹಳೆಯ ಟಾರ್ಕ್ ಅಂಕಿ ಸುಳ್ಳಾಗುತ್ತದೆ. ಕೈಪಿಡಿಯ ಆ ಒಂದು ಸಾಲು ತಿದ್ದದಿದ್ದರೆ ಮೆಕ್ಯಾನಿಕ್ ತಪ್ಪಿಲ್ಲದೆಯೂ ತಪ್ಪಾಗಿ ಬಿಗಿಯುತ್ತಾನೆ.

ಆನೋಡೈಸಿಂಗಿನದೂ ಇದೇ ಗೋಳು. ಹಳೆಯ ಭಾಗಗಳಲ್ಲಿ ಬಹುಪಾಲು ಕ್ರೋಮಿಕ್ ಆಸಿಡ್ಡಿನ ತೆಳು ಪದರ. ಅದರ ಬದಲು 25 ಮೈಕ್ರಾನಿನ ಸಲ್ಫ್ಯೂರಿಕ್ ಪದರ ಹಾಕಿದರೆ ಅರ್ಧ ಹೊರಕ್ಕೆ ಬೆಳೆದು ರಂಧ್ರದ ವ್ಯಾಸ 25 ಮೈಕ್ರಾನ್ ಕುಗ್ಗುತ್ತದೆ. ಬೇರಿಂಗ್ ಒಳಹೋಗುವುದಿಲ್ಲ. ಯಾರೋ ಎಮೆರಿ ಕಾಗದ ತೆಗೆದು ಉಜ್ಜುತ್ತಾರೆ, ಲೇಪನ ಹೋಗುತ್ತದೆ, ತುಕ್ಕಿಗೆ ದಾರಿಯಾಗುತ್ತದೆ.

ತಗಡಿನ ಭಾಗಗಳ ಲೋಕವೇ ಬೇರೆ. ಹಳೆಯ ವಿಮಾನದ ಹೊದಿಕೆ, ಗಾಳಿ ನಯವಾಗಿ ಹರಿಯಲೆಂದು ಹಾಕುವ ಫೇರಿಂಗ್‌ಗಳಿಗೆ ಎಷ್ಟೋ ವೇಳೆ ಅಂಕಿ ಬರೆದ ನಕ್ಷೆಯೇ ಇರಲಿಲ್ಲ, ಮೈಲಾರ್ ಹಾಳೆಯ ಮೇಲೆ ನಿಜಗಾತ್ರದಲ್ಲಿ ಎಳೆದ ಗೆರೆಯೇ ನಕ್ಷೆ. ರಿವೆಟ್ ರಂಧ್ರಗಳನ್ನು ವಿಮಾನದ ಮೇಲಿಟ್ಟೇ ಕೊರೆಯುತ್ತಿದ್ದರು. ಹಾಗಾಗಿ ಒಂದು ವಿಮಾನದ ಫಲಕ ಪಕ್ಕದ ವಿಮಾನಕ್ಕೆ ಕೂರುವುದಿಲ್ಲ. ಒಂದೇ ಫಲಕ ಸ್ಕ್ಯಾನ್ ಮಾಡಿ ಮೂವತ್ತು ರಂಧ್ರ ಸಹಿತ ಇಪ್ಪತ್ತು ಫಲಕ ಮಾಡಿದರೆ ಹತ್ತೊಂಬತ್ತು ವ್ಯರ್ಥ. ಅಂಚಿನಲ್ಲಿ ಒಂದಿಷ್ಟು ಹೆಚ್ಚುವರಿ ತಗಡು ಬಿಟ್ಟು, ರಂಧ್ರಗಳನ್ನು ಚಿಕ್ಕ ಮಾರ್ಗದರ್ಶಿ ತೂತಾಗಿಯೇ ಇಟ್ಟು, ಕೊನೆಯ ಕೊರೆತವನ್ನು ಹ್ಯಾಂಗರಿಗೆ ಬಿಡುವುದೇ ವಿವೇಕ. ಇಡೀ ವಿಮಾನವನ್ನೇ ಬಿಚ್ಚಿ ಅಳೆಯುವ ಯತ್ನಗಳೂ ನಡೆದಿವೆ. ಅಮೆರಿಕದ ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ನಯಾರ್ ಸಂಸ್ಥೆ ನಿವೃತ್ತ ಬಿ-1 ಬಾಂಬರನ್ನು 2020ರಲ್ಲಿ ತರಿಸಿಕೊಂಡು ಅದರ ಡಿಜಿಟಲ್ ಪ್ರತಿರೂಪ ಕಟ್ಟುವ ಕೆಲಸಕ್ಕೆ ಕೈಹಾಕಿತು.

ರಬ್ಬರಿನ ಬಗ್ಗೆ ಒಂದು ಮಾತು ಮಾತ್ರ. ಸೋರಿಕೆ ತಡೆಯುವ ಓ-ರಿಂಗ್ ನೈಟ್ರೈಲ್ ರಬ್ಬರಿನದಾದರೂ ಕಪ್ಪು, ಇಪಿಡಿಎಂ ರಬ್ಬರಿನದಾದರೂ ಕಪ್ಪು. ಮಿಲ್-ಎಚ್-5606 ಎಂಬ ಕೆಂಪು ಹೈಡ್ರಾಲಿಕ್ ಖನಿಜತೈಲದಲ್ಲಿ ಮೊದಲನೆಯದು ಬಾಳುತ್ತದೆ, ಎರಡನೆಯದು ಉಬ್ಬಿ ಮೆತ್ತಗಾಗಿ ಹರಿಯುತ್ತದೆ.

ಎಲೆಕ್ಟ್ರಾನಿಕ್ಸಿನಲ್ಲಿ ಎದುರಾಗುವುದು ಇದರ ತದ್ವಿರುದ್ಧ: ಹೊಸದು ಅತಿಯಾಗಿ ಚೆನ್ನಾಗಿರುವುದೇ ತೊಂದರೆ. 1970ರ ದಶಕದ ಬೋರ್ಡಿನಲ್ಲಿದ್ದ ಟಿಟಿಎಲ್ ಎಂಬ ಹಳೆಯ ಬಗೆಯ ನಿಧಾನಗತಿಯ ಚಿಪ್ ಬದಲು ವೇಗದ ಚಿಪ್ ಹಾಕಿದರೆ, ಮೊದಲು ಯಾರ ಗಮನಕ್ಕೂ ಬಾರದಿದ್ದ ಕ್ಷಣಮಾತ್ರದ ಸುಳ್ಳು ಸಂಕೇತಗಳನ್ನು ಅದು ನಿಜವೆಂದು ಓದಿಬಿಡುತ್ತದೆ. ಬೇಕಾದಂತೆ ತರ್ಕ ತುಂಬಬಹುದಾದ ಎಫ್‌ಪಿಜಿಎ ಚಿಪ್ಪಿನಲ್ಲಿ ಹಳೆಯ ತರ್ಕವನ್ನು ಕೂರಿಸುವಾಗ ಹಳೆಯ ವಿಳಂಬವನ್ನೂ ಕೂರಿಸಬೇಕು. ಇದೆಲ್ಲ ಬೇಡವೆಂದು ಹಳೆಯ ಚಿಪ್ಪನ್ನೇ ದಲ್ಲಾಳಿಗಳಿಂದ ಕೊಂಡವರ ಪಾಡು 2012ರ ಅಮೆರಿಕದ ಸೆನೆಟ್ ಸಮಿತಿಯ ವರದಿಯಲ್ಲಿದೆ. ಎರಡು ವರ್ಷಗಳ ಅವಧಿಯಲ್ಲಿ ಸುಮಾರು 1,800 ನಕಲಿ ಪ್ರಕರಣ, ಹತ್ತು ಲಕ್ಷಕ್ಕೂ ಮಿಕ್ಕಿದ ಬಿಡಿಭಾಗಗಳು.

ಪ್ರಿಂಟರ್ ಎಲ್ಲಿಗೆ ಸಾಕು

ಲೋಹದ ಪ್ರಿಂಟಿಂಗ್ ಬರೀ ಪ್ರಚಾರವೇನಲ್ಲ. 2016ರ ಜುಲೈಯಲ್ಲಿ ವಿ-22 ಓಸ್ಪ್ರೇ ವಿಮಾನ ಎಂಜಿನ್ ಗೂಡನ್ನು ಹಿಡಿಯುವ ಟೈಟಾನಿಯಂ ಕೊಂಡಿಯೊಂದನ್ನು ಪ್ರಿಂಟ್ ಮಾಡಿಸಿಕೊಂಡು ಹಾರಿತು. ಎಫ್-22ರ ಕಾಕ್‌ಪಿಟ್ಟಿನಲ್ಲಿ ತುಕ್ಕು ಹಿಡಿಯುತ್ತಿದ್ದ ಅಲ್ಯೂಮಿನಿಯಂ ಬ್ರಾಕೆಟ್ ಬದಲು ಪ್ರಿಂಟ್ ಮಾಡಿದ ಟೈಟಾನಿಯಂ ಬ್ರಾಕೆಟ್ ಕೂತಿದೆ. ಗಾಳಿಕೊಳವೆ, ಮುಚ್ಚಳ, ಹಿಡಿಕೆ, ಡ್ರಿಲ್ ಜಿಗ್, ಇವಕ್ಕೆಲ್ಲ ಪ್ರಿಂಟರ್ ವರವೇ. ಎಳೆತ ಬಡಿತ ತಿನ್ನುವ ಭಾಗಕ್ಕೆ ಬಂದರೆ ಮಾತು ಬೇರೆ. ಪುಡಿ ಕರಗದೆ ಉಳಿದ ಸಣ್ಣ ಟೊಳ್ಳುಗಳಿಂದ ಬಿರುಕು ಹೊರಡುತ್ತದೆ. ಬಿಸಿಯಲ್ಲಿ ಅನಿಲದ ಒತ್ತಡ ಹಾಕಿ ಅವನ್ನು ಮುಚ್ಚಬಹುದು, ಒರಟು ಮೇಲ್ಮೈ ಮತ್ತೆ ನುಣುಪು ಮಾಡಬೇಕು. ಅದೇ ಮಾಡೆಲ್ಲಿನ ಇನ್ನೊಂದು ಯಂತ್ರಕ್ಕೆ ಕೆಲಸ ಹೋದರೂ ಅರ್ಹತಾ ಪರೀಕ್ಷೆ ಮತ್ತೆ ಮೊದಲಿಂದ. ನಮ್ಮ ಬೆಲ್‌ಕ್ರ್ಯಾಂಕಿಗೆ ಅದು ಸುತ್ತುಬಳಸಿನ ದಾರಿ.

ಅದರ ಬಲವನ್ನು ಸಾಬೀತು ಮಾಡುವುದು ಹೇಗೆ ಎಂಬುದೇ ಕೊನೆಗೂ ಉಳಿಯುವ ಪ್ರಶ್ನೆ, ಏಕೆಂದರೆ ವಿನ್ಯಾಸಕಾರ ಯಾವ ಹೊರೆಗೆ ಲೆಕ್ಕ ಹಾಕಿದ್ದನೆಂದು ನಮಗೆ ತಿಳಿದಿಲ್ಲ. ದಾರಿ ಎರಡಿವೆ. ಬೆಲ್‌ಕ್ರ್ಯಾಂಕಿಗೆ ತಗುಲಿಕೊಳ್ಳುವ ರಾಡ್ ಎಂಡ್ (ಪುಶ್‌ರಾಡಿನ ತುದಿಯ ಕೀಲು) ಎಷ್ಟು ಹೊರೆಗೆ ಮುರಿಯುತ್ತದೆಂದು ಕೋಷ್ಟಕದಲ್ಲಿ ಸಿಗುತ್ತದೆ. ಅದಕ್ಕಿಂತ ಮೊದಲು ಬೆಲ್‌ಕ್ರ್ಯಾಂಕ್ ಮುರಿಯದಿದ್ದರೆ ಅದು ಆ ಸಾಲಿನ ದುರ್ಬಲ ಕೊಂಡಿಯಾಗುವುದಿಲ್ಲ. ಅಥವಾ ಬಳಸದ ಹಳೆಯದನ್ನೂ ಹೊಸದನ್ನೂ ಒಂದೇ ರಿಗ್‌ನಲ್ಲಿ ಮುರಿಯುವವರೆಗೆ ಎಳೆದು, ಇನ್ನೊಂದು ಜೊತೆಯನ್ನು ಆವರ್ತನ ಹೊರೆಯಲ್ಲಿ ದಣಿಸಿ ಹೋಲಿಸಬೇಕು. ಬಳಸದೆ ಉಳಿದಿದ್ದವೇ ಎರಡು, ಒಂದನ್ನು ಆಗಲೇ ಸೀಳಿಯಾಗಿದೆ. ಹೀಗಾಗಿ ಮೊದಲ ದಿನವೇ ಯಾವ ತುಂಡು ಯಾವ ಪರೀಕ್ಷೆಗೆ ಎಂದು ಹಂಚಿಕೊಳ್ಳದವರು ನಡುದಾರಿಯಲ್ಲಿ ಮಾದರಿಯಿಲ್ಲದೆ ಕೂರುತ್ತಾರೆ.

ಮಂಜೂರಾತಿಯ ಪದ್ಧತಿ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಸೇನಾ ವಿಮಾನಗಳ ಹಾರಾಟಯೋಗ್ಯತೆ ನೋಡುವುದು ಸೆಮಿಲ್ಯಾಕ್, ನಿಯಮಾವಳಿ ಐಎಂಟಿಎಆರ್-21. ಅಮೆರಿಕದಲ್ಲಿ ಹೊಸ ತಯಾರಕ ಸೋರ್ಸ್ ಅಪ್ರೂವಲ್, ಎಂದರೆ ಪೂರೈಕೆದಾರನಾಗಲು ಒಪ್ಪಿಗೆ, ಕೇಳಬೇಕು: ಇದೇ ಭಾಗವನ್ನು ಮೊದಲು ಮಾಡಿದ್ದವರು ಒಂದು ವರ್ಗ, ಇದರಂಥದ್ದನ್ನು ಮಾಡಿದವರು ಇನ್ನೊಂದು, ಎರಡೂ ಇಲ್ಲದವರು ಮೂರನೆಯದು. ಮುರಿದರೆ ವಿಮಾನವೇ ಹೋಗುವಂಥ ಭಾಗವಾದರೆ ಕಟ್ಟುಪಾಡು ಇನ್ನೂ ಬಿಗಿ. ಮೊದಲ ತುಂಡು ಒಪ್ಪಿಗೆಯಾದ ಮೇಲೆ ತಯಾರಿಕೆಯ ಹಂತಗಳು ಹೆಪ್ಪುಗಟ್ಟಿದಂತೆ. ಹದ ಹಾಕುವ ಒಲೆ ಬದಲಿಸಿದರೂ, ಪ್ಲೇಟಿಂಗ್ ಅಂಗಡಿ ಬದಲಿಸಿದರೂ ಮತ್ತೆ ಕೇಳಬೇಕು. ಹನ್ನೆರಡು ತುಂಡು ಮಾಡಿದ ಕಾರ್ಖಾನೆಗೆ ಐದು ವರ್ಷದ ಮೇಲೆ ಇನ್ನು ಹತ್ತು ಕೇಳಿದರೆ, ಆ ಒಲೆ ಅಲ್ಲಿ ಇರುವುದೇ ಅನುಮಾನ. ಸಮಯ ಹೆಚ್ಚು ತಿನ್ನುವುದು ಇದು. ಸ್ಕ್ಯಾನರಿಗೆ ಕೊಡುವ ಹಣದ ಒಂದು ಪಾಲನ್ನು ಪರೀಕ್ಷಾ ರಿಗ್‌ಗಳಿಗೂ, ಅರ್ಜಿ ಓದುವ ಎಂಜಿನಿಯರುಗಳಿಗೂ ಕೊಟ್ಟರೆ ಹೆಚ್ಚು ವಿಮಾನ ಬೇಗ ಹಾರುತ್ತವೆ.

ಎಲ್ಲ ಮುಗಿದು ಬೆಲ್‌ಕ್ರ್ಯಾಂಕ್ ಸ್ಟೋರ್ಸಿಗೆ ಬಂದಾಗ ಅದರ ಮೈಮೇಲೆ ಹಳೆಯ ಸಂಖ್ಯೆಯನ್ನೇ ಹಾಕಿದರೆ ಅದೇ ಬುಟ್ಟಿಯಲ್ಲಿ ಮೂಲದೊಂದಿಗೆ ಬೆರೆತುಹೋಗುತ್ತದೆ. ಮುಂದೆಂದೋ ಒಂದು ಬಿರುಕು ಬಿಟ್ಟರೆ ಯಾವ ವಿಮಾನಗಳನ್ನು ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಹಾಗಾಗಿ ಸಂಖ್ಯೆಗೆ ಬೇರೆ ಬಾಲ, ಬ್ಯಾಚಿಗೆ ಬೇರೆ ಗುರುತು. ಗುರುತನ್ನು ಶಾಯಿಯಲ್ಲಿ ಒತ್ತಬೇಕು, ಅದೂ ಹೊರೆ ಕಡಿಮೆಯಿರುವ ತೋಳಿನ ನಡುಭಾಗದಲ್ಲಿ. ಕೆತ್ತುವ ಪೆನ್ಸಿಲ್ ಹಿಡಿದು ರಂಧ್ರದ ಅಂಚಿನಲ್ಲಿ ಗೀಚಿದರೆ, ಇಷ್ಟೆಲ್ಲ ಜತನದಿಂದ ತಪ್ಪಿಸಿದ ಬಿರುಕಿಗೆ ಅಲ್ಲೇ ಬೀಜ ಹಾಕಿದಂತೆ.